ಪಿತ್ತಕೋಶದ ಕಲ್ಲು: ಕಾಯುವುದಾ, ಮಾತ್ರೆಯಾ, ಆಪರೇಷನ್ನಾ?

ಬೇರೆ ಯಾವುದಕ್ಕೋ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿರುತ್ತೀರಿ. ರಿಪೋರ್ಟ್‌ನ ಕೊನೆಯಲ್ಲಿ ಒಂದು ಸಾಲು ಕಾಣುತ್ತದೆ: ಪಿತ್ತಕೋಶದಲ್ಲಿ ಕಲ್ಲು. ಅಲ್ಲಿಂದ ಸಲಹೆಗಳ ಸುರಿಮಳೆ ಶುರು. ಒಬ್ಬರು ‘ನಾಳೆಯೇ ತೆಗೆಸಿಬಿಡಿ, ಇಲ್ಲದಿದ್ದರೆ ಒಳಗೇ ಒಡೆದುಹೋಗುತ್ತದೆ’ ಅನ್ನುತ್ತಾರೆ. ಇನ್ನೊಬ್ಬರು ‘ಕತ್ತರಿ ಹಾಕಿಸಿಕೊಳ್ಳಬೇಡಿ, ಎಣ್ಣೆ ಕುಡಿದರೆ ತಾನಾಗಿ ಬೀಳುತ್ತದೆ’ ಅನ್ನುತ್ತಾರೆ. ಇಬ್ಬರೂ ಕೇಳದ ಪ್ರಶ್ನೆ ಒಂದಿದೆ: ಆ ಕಲ್ಲಿನಿಂದ ನಿಮಗೆ ಏನಾದರೂ ತೊಂದರೆ ಆಗುತ್ತಿದೆಯಾ?

ಲೆಕ್ಕಾಚಾರ ಶುರುವಾಗಬೇಕಾದ್ದೇ ಇಲ್ಲಿಂದ. ಕಲ್ಲು ಎಷ್ಟು ದೊಡ್ಡದು, ಎಷ್ಟಿವೆ ಅನ್ನುವುದೆಲ್ಲ ಆಮೇಲಿನ ಮಾತು. ಅದು ಸುಮ್ನೆ ಕೂತಿದೆಯಾ, ಆಗಾಗ ನೋವು ಕೊಡುತ್ತಿದೆಯಾ, ಇಲ್ಲಾ ಎಲ್ಲೋ ಸಿಕ್ಕಿಹಾಕಿಕೊಂಡು ದೊಡ್ಡ ತೊಂದರೆ ಎಬ್ಬಿಸಿದೆಯಾ? ಈ ಮೂರರಲ್ಲಿ ನೀವು ಎಲ್ಲಿದ್ದೀರಿ ಅನ್ನುವುದರ ಮೇಲೆ ನಿಮ್ಮ ದಾರಿ ಬದಲಾಗುತ್ತದೆ.

ಮೊದಲು ಕಿಡ್ನಿ ಕಲ್ಲನ್ನು ಪಕ್ಕಕ್ಕಿಡಿ

ತಪ್ಪು ತಿಳುವಳಿಕೆಗಳಲ್ಲಿ ಅರ್ಧದಷ್ಟು ಬರುವುದು ಕಿಡ್ನಿ ಕಲ್ಲಿನಿಂದ. ನೀರು ಜಾಸ್ತಿ ಕುಡಿ, ಹೋಗುತ್ತದೆ. ಸಣ್ಣದಾದರೆ ತಾನೇ ಜಾರುತ್ತದೆ. ದೊಡ್ಡದಾದರೆ ಒಡೆಸಿದರಾಯಿತು. ಕಿಡ್ನಿಯ ವಿಷಯದಲ್ಲಿ ಈ ಮಾತುಗಳಿಗೆ ಅರ್ಥವಿದೆ. ಅಲ್ಲಿ ಜಾರಿದ ಕಲ್ಲು ಮೂತ್ರದ ಜೊತೆ ಹೊರಗೆ ಬೀಳುತ್ತದೆ, ಕಥೆ ಮುಗಿಯಿತು.

ಪಿತ್ತಕೋಶದ ದಾರಿ ಬೇರೆ. ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್‌ವರೆಗೆ ಪಿತ್ತರಸ ತಯಾರಿಸುತ್ತದೆ. ಊಟವಿಲ್ಲದ ಹೊತ್ತಿನಲ್ಲಿ ಅದರಲ್ಲಿ ಒಂದಷ್ಟು ಲಿವರ್‌ನ ಕೆಳಗೆ ಅಂಟಿಕೊಂಡಿರುವ ಸಣ್ಣ ಚೀಲದಲ್ಲಿ ತುಂಬಿಕೊಂಡು, ನೀರಿನಂಶ ಕಳೆದುಕೊಂಡು ಗಟ್ಟಿಯಾಗುತ್ತದೆ. ಈ ಚೀಲವೇ ಪಿತ್ತಕೋಶ. ಅದು ಹಿಡಿಯುವುದು 30ರಿಂದ 50 ಎಂ.ಎಲ್. ಅಷ್ಟೇ. ಊಟದ ಕೊಬ್ಬು ಸಣ್ಣ ಕರುಳಿಗೆ ಇಳಿದ ಕೂಡಲೇ ಒಂದು ಹಾರ್ಮೋನ್ ಸುದ್ದಿ ಮುಟ್ಟಿಸುತ್ತದೆ. ಚೀಲ ತನ್ನನ್ನು ತಾನೇ ಹಿಂಡಿಕೊಳ್ಳುತ್ತದೆ. ರಸ ಹೊರಬರುವ ನಾಳ ಕೆಲವೇ ಮಿಲಿಮೀಟರ್ ಅಗಲ, ಒಳಗೆ ಸುರುಳಿ ಸುರುಳಿಯಾದ ಮಡಿಕೆಗಳು. ಅದು ಲಿವರ್‌ನಿಂದ ಇಳಿದು ಬರುವ ಮುಖ್ಯ ಪಿತ್ತನಾಳವನ್ನು ಸೇರುತ್ತದೆ. ಆ ಮುಖ್ಯ ನಾಳ ಕರುಳಿಗೆ ತೆರೆದುಕೊಳ್ಳುವ ಜಾಗದಲ್ಲೇ ಸಾಮಾನ್ಯವಾಗಿ ಮೇದೋಜೀರಕ ಗ್ರಂಥಿಯ ನಾಳವೂ ಬಂದು ಕೂಡುತ್ತದೆ.

ಈಗ ‘ಜಾರಿಹೋಗಲಿ ಬಿಡಿ’ ಅನ್ನುವ ಸಲಹೆಯನ್ನು ಇನ್ನೊಮ್ಮೆ ಯೋಚಿಸಿ. ಜಾರಿದ ಕಲ್ಲು ಮುಖ್ಯ ನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆ. ಅದರ ಜೊತೆ ಸೋಂಕೂ ಸೇರಿದರೆ ಚಳಿಜ್ವರ, ರಕ್ತಕ್ಕೆ ನಂಜು. ಕೊನೆಯ ಬಾಯಿಯಲ್ಲಿ ಕಚ್ಚಿಕೊಂಡರೆ ಮೇದೋಜೀರಕ ಗ್ರಂಥಿಯ ಉರಿಯೂತ, ಅಂದರೆ ಪ್ಯಾಂಕ್ರಿಯಾಟೈಟಿಸ್. ಇಷ್ಟು ದೂರ ಬರಬಲ್ಲವು ಸಣ್ಣ ಕಲ್ಲುಗಳೇ. ಹಾಗಾಗಿ ‘4 ಮಿಲಿಮೀಟರ್ ಅಷ್ಟೇ, ಭಯವಿಲ್ಲ’ ಅನ್ನುವ ಸಮಾಧಾನಕ್ಕೆ ಬುಡವಿಲ್ಲ.

ನೀರು ಕುಡಿಯುವುದರಿಂದ ಇದು ಕರಗುವುದೂ ಇಲ್ಲ. ಬಹಳಷ್ಟು ಕಲ್ಲುಗಳು ಕೊಲೆಸ್ಟರಾಲ್‌ನವು. ಪಿತ್ತರಸ ಹಿಡಿದಿಟ್ಟುಕೊಳ್ಳಲಾರದಷ್ಟು ಕೊಲೆಸ್ಟರಾಲ್ ಅದರಲ್ಲಿ ಸೇರಿದಾಗ, ಚೀಲವೂ ಪೂರ್ತಿ ಖಾಲಿಯಾಗದೆ ಸೋಮಾರಿಯಾದಾಗ, ಹರಳು ಕಟ್ಟುತ್ತದೆ. ಉಳಿದವು ಬಣ್ಣದ ಕಲ್ಲುಗಳು. ಕೆಂಪು ರಕ್ತಕಣಗಳು ಬೇಗ ಒಡೆಯುವ ಕಾಯಿಲೆ ಇರುವವರಲ್ಲಿ, ಲಿವರ್ ಸಿರೋಸಿಸ್ ಇರುವವರಲ್ಲಿ ಕಪ್ಪು ಕಲ್ಲು ಕಾಣುತ್ತದೆ. ನಾಳದಲ್ಲಿ ಸೋಂಕು ಇದ್ದಾಗ ಕಂದು ಕಲ್ಲು. ತರಕಾರಿಯ ಬೀಜ ನುಂಗಿದ್ದರಿಂದ ಇದು ಆಗುವುದಿಲ್ಲ. ಬೀಜ ಪಿತ್ತಕೋಶದ ಹತ್ತಿರವೂ ಸುಳಿಯುವುದಿಲ್ಲ.

ನಿಮ್ಮ ನೋವು ಕಲ್ಲಿನದ್ದೇನಾ?

ಇದನ್ನು ಸರಿಯಾಗಿ ಗುರುತಿಸಿಕೊಂಡರೆ ಮುಂದಿನ ಕೆಲಸ ಸಲೀಸು. ತಪ್ಪಿದರೆ ಆಪರೇಷನ್ ಆದ ಮೇಲೂ ನೋವು ಹಾಗೇ ಉಳಿದು, ‘ಡಾಕ್ಟರು ಸುಮ್ನೆ ಕೊಯ್ದರು’ ಅನ್ನುವ ಮಾತು ಹುಟ್ಟುತ್ತದೆ.

ಕಲ್ಲಿನ ನೋವಿಗೆ ಒಂದು ಚಹರೆ ಇದೆ. ಹೊಟ್ಟೆಯ ಮೇಲ್ಭಾಗದಲ್ಲಿ, ನಡುವೆ ಅಥವಾ ಬಲ ಪಕ್ಕೆಲುಬಿನ ಕೆಳಗೆ ಶುರುವಾಗುತ್ತದೆ. ಊಟವಾದ ಮೇಲೆ ಬರಬಹುದು, ನಡುರಾತ್ರಿ ಎಬ್ಬಿಸಲೂಬಹುದು. ಏರುತ್ತಾ ಹೋಗಿ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ, ಬಿಟ್ಟು ಬಿಟ್ಟು ಬರುವ ಕರುಳಿನ ಹಿಂಡುವಿಕೆಯ ಹಾಗಲ್ಲ. ಬೆನ್ನಿಗೋ ಬಲ ಭುಜದ ಹಿಂದಕ್ಕೋ ಹರಿಯುತ್ತದೆ. ಕಡಿಮೆ ಅಂದರೆ ಅರ್ಧ ಗಂಟೆ, ಕೆಲವೊಮ್ಮೆ ನಾಲ್ಕೈದು ಗಂಟೆ. ಆ ಹೊತ್ತಿನಲ್ಲಿ ಮನುಷ್ಯ ಒಂದು ಕಡೆ ಕೂರಲಾರ, ಮಲಗಲಾರ. ತೇಗು ಬಂದರೆ, ಮಗ್ಗುಲು ಬದಲಿಸಿದರೆ, ಅಸಿಡಿಟಿ ಮಾತ್ರೆ ನುಂಗಿದರೆ, ಬಯಲಿಗೆ ಹೋಗಿಬಂದರೆ ಕಡಿಮೆಯಾಗುವುದಿಲ್ಲ. ಆಮೇಲೆ ಬಂದ ಹಾಗೇ ಇಳಿದುಹೋಗುತ್ತದೆ. ಮುಂದಿನ ಸಲ ವಾರದ ನಂತರವೋ ತಿಂಗಳುಗಳ ನಂತರವೋ.

ಊಟದ ನಂತರ ಹೊಟ್ಟೆ ಉಬ್ಬರ, ಹುಳಿತೇಗು, ಎದೆಯುರಿ ಮಾತ್ರ ಇದ್ದರೆ ಅದನ್ನು ಕಲ್ಲಿನ ತಲೆಗೆ ಕಟ್ಟಬೇಡಿ. ಕಲ್ಲಿಲ್ಲದವರಿಗೂ ಅದು ಅಷ್ಟೇ ಇರುತ್ತದೆ. ಚೀಲ ತೆಗೆಸಿದರೂ ಹೋಗುವ ಭರವಸೆ ಇಲ್ಲ. ಹಾಗೆಯೇ, ವಯಸ್ಸಾದವರಿಗೆ ಅಥವಾ ಸಕ್ಕರೆ ಕಾಯಿಲೆ ಇರುವವರಿಗೆ ಹೊಟ್ಟೆಯ ಮೇಲ್ಭಾಗದ ನೋವಿನ ಜೊತೆ ಬೆವರು, ಉಬ್ಬಸ ಬಂದರೆ ‘ನನ್ನ ಕಲ್ಲಿನದ್ದೇ’ ಅಂದುಕೊಂಡು ಮಲಗಬೇಡಿ. ಹೃದಯಾಘಾತವೂ ಹೀಗೇ ವೇಷ ಹಾಕಿಕೊಂಡು ಬರುತ್ತದೆ. ಇಸಿಜಿ ಆಗಲೇಬೇಕು.

ಪರೀಕ್ಷೆಯ ವಿಷಯದಲ್ಲೂ ಒಂದು ಭ್ರಮೆ ಇದೆ. ‘ಸಿಟಿ ಸ್ಕ್ಯಾನ್ ದುಬಾರಿ, ಹಾಗಾಗಿ ಅದೇ ಒಳ್ಳೆಯದು.’ ಇಲ್ಲಿ ಉಲ್ಟಾ. ಚೀಲದೊಳಗಿನ ಕಲ್ಲಿಗೆ ಸಾದಾ ಅಲ್ಟ್ರಾಸೌಂಡ್ ಬಹಳ ನಂಬಿಕಸ್ತ. ಸಿಟಿಯಲ್ಲಿ ಎಷ್ಟೋ ಕೊಲೆಸ್ಟರಾಲ್ ಕಲ್ಲುಗಳು ಸುತ್ತಲಿನ ರಸದ ಬಣ್ಣದಲ್ಲೇ ಬೆರೆತು ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಟ್ರಾಸೌಂಡ್ ಎಡವುವುದು ಮುಖ್ಯ ನಾಳದ ಕೊನೆಯಲ್ಲಿರುವ ಕಲ್ಲಿನ ವಿಷಯದಲ್ಲಿ. ಅಲ್ಲಿ ಅನುಮಾನ ಬಂದರೆ ಎಂ.ಆರ್.ಸಿ.ಪಿ. ಎನ್ನುವ ಎಂಆರ್‌ಐ ಅಥವಾ ಎಂಡೋಸ್ಕೋಪಿ ಮೂಲಕ ಮಾಡುವ ಅಲ್ಟ್ರಾಸೌಂಡ್ ಬೇಕು.

ಸುಮ್ನೆ ಕೂತ ಕಲ್ಲು: ಕಾಯುವುದೇ ಸರಿ

ಕಲ್ಲಿರುವ ಹತ್ತು ಜನರಲ್ಲಿ ಸುಮಾರು ಎಂಟು ಜನರಿಗೆ ಯಾವ ನೋವೂ ಇರುವುದಿಲ್ಲ. ಹೀಗೆ ಸುಮ್ಮನಿರುವವರಲ್ಲಿ ವರ್ಷಕ್ಕೆ ನೂರಕ್ಕೆ 1ರಿಂದ 4 ಜನರಿಗೆ ಮಾತ್ರ ತೊಂದರೆ ಶುರುವಾಗುತ್ತದೆ. ಶುರುವಾದಾಗಲೂ ಬಹುತೇಕ ಮೊದಲು ಬರುವುದು ಮೇಲೆ ಹೇಳಿದ ನೋವೇ. ಅಂದರೆ ಎಚ್ಚರಿಕೆ ಸಿಗುತ್ತದೆ. ಇವರೆಲ್ಲರಿಗೂ ಆಪರೇಷನ್ ಮಾಡಿದರೆ, ಬೇಕಿಲ್ಲದ ಬಹಳ ಜನರನ್ನು ಅರಿವಳಿಕೆಯ, ಕತ್ತರಿಯ ಅಪಾಯಕ್ಕೆ ಒಡ್ಡಿದ ಹಾಗೆ. ಅದಕ್ಕೇ ನೋವಿಲ್ಲದ ಕಲ್ಲನ್ನು ಮುಟ್ಟದಿರುವುದು ಜಗತ್ತಿನಾದ್ಯಂತ ಒಪ್ಪಿತ ಪದ್ಧತಿ. ಯಾರಾದರೂ ‘ನೋವಿಲ್ಲ, ಆದರೂ ಈ ವಾರವೇ ತೆಗೆಯೋಣ’ ಅಂದರೆ, ಯಾಕೆ ಅಂತ ಬಾಯಿಬಿಟ್ಟು ಕೇಳಿ.

ಯಾಕೆ ಅನ್ನುವುದಕ್ಕೆ ಒಳ್ಳೆಯ ಉತ್ತರಗಳೂ ಇವೆ. ಕಲ್ಲು 3 ಸೆಂಟಿಮೀಟರ್‌ಗಿಂತ ದೊಡ್ಡದಿದ್ದರೆ, ಚೀಲದ ಗೋಡೆಯಲ್ಲಿ ಕ್ಯಾಲ್ಸಿಯಂ ಕಟ್ಟಿದ್ದರೆ, ಕಲ್ಲಿನ ಜೊತೆ 1 ಸೆಂಟಿಮೀಟರ್ ದಾಟಿದ ಪಾಲಿಪ್ (ಒಳಗೋಡೆಯಲ್ಲಿ ಬೆಳೆದ ಗಂಟು) ಇದ್ದರೆ ಪಿತ್ತಕೋಶದ ಕ್ಯಾನ್ಸರ್‌ನ ಅಪಾಯ ಹೆಚ್ಚು. ಸಿಕಲ್ ಸೆಲ್‌ನಂಥ ರಕ್ತದ ಕಾಯಿಲೆ ಇರುವವರ ಲೆಕ್ಕವೂ ಬೇರೆ. ಹಾಗಂತ ‘ಕಲ್ಲಿದ್ದರೆ ಕ್ಯಾನ್ಸರ್ ಆಗಿಯೇ ಆಗುತ್ತದೆ’ ಅನ್ನುವುದು ಸುಳ್ಳು ಹೆದರಿಕೆ. ಕಲ್ಲಿರುವ ಬಹುಪಾಲು ಜನರಿಗೆ ಅದು ಬರುವುದಿಲ್ಲ.

ನೋವು ಬಂದವರೂ ಕಾಯಬಹುದಾ? ಒಂದೆರಡು ಸಲ ಬಂದು ನಿಂತುಹೋಗಿದ್ದರೆ, ಕಾಯಬಹುದು. ಬ್ರಿಟನ್‌ನಲ್ಲಿ ನೋವಿರುವ, ಆದರೆ ತೊಡಕಾಗದ 434 ಜನರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ನೋವಿನ ಮಾತ್ರೆ ಮತ್ತು ಕಾಯುವಿಕೆ. 18 ತಿಂಗಳಾದರೂ ಎರಡು ಗುಂಪಿನ ನೋವಿನ ಪಾಡಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾದವರಲ್ಲಿ ಸುಮಾರು ಕಾಲು ಭಾಗದಷ್ಟು ಜನ ಮಾತ್ರ ಆ ಹೊತ್ತಿಗೆ ಆಪರೇಷನ್ ಮಾಡಿಸಿಕೊಂಡಿದ್ದರು. ಆದರೆ 18 ತಿಂಗಳು ಒಂದು ಆಯುಷ್ಯದಲ್ಲಿ ದೊಡ್ಡದಲ್ಲ, ಅಲ್ವಾ? ತಿಂಗಳಿಗೊಮ್ಮೆ ನೋವು ಬಂದು ರಾತ್ರಿ ಹಾಳಾಗುತ್ತಿದ್ದರೆ, ಅಥವಾ ಆಸ್ಪತ್ರೆ ದೂರವಿರುವ ಕಡೆ ನಿಮ್ಮ ಕೆಲಸವಿದ್ದರೆ, ಕಾಯುವುದರಲ್ಲಿ ಅರ್ಥವಿಲ್ಲ ಅಂತಲೇ ನನ್ನ ಅನಿಸಿಕೆ.

ಕರಗಿಸುವುದು, ಒಡೆಯುವುದು

ಕರಗಿಸುವ ಮಾತ್ರೆ ನಿಜಕ್ಕೂ ಇದೆ. ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಅಂತ ಹೆಸರು. ಅದು ಕೆಲಸ ಮಾಡಲು ಷರತ್ತುಗಳು ಬಹಳ. ಕಲ್ಲು ಕೊಲೆಸ್ಟರಾಲ್‌ನದ್ದೇ ಆಗಿರಬೇಕು, ಅದರಲ್ಲಿ ಕ್ಯಾಲ್ಸಿಯಂ ಇರಬಾರದು, 1 ಸೆಂಟಿಮೀಟರ್‌ಗಿಂತ ಸಣ್ಣದಿರಬೇಕು, ಚೀಲ ಹಿಂಡಿಕೊಳ್ಳುತ್ತಿರಬೇಕು, ನಾಳ ತೆರೆದಿರಬೇಕು. ಇಷ್ಟೆಲ್ಲ ಕೂಡಿಬಂದರೂ ಆರು ತಿಂಗಳಿಂದ ಎರಡು ವರ್ಷ ದಿನವೂ ನುಂಗಬೇಕು. ಪೂರ್ತಿ ಕರಗಿದರೂ ಐದು ವರ್ಷದೊಳಗೆ ಅರ್ಧದಷ್ಟು ಜನರಲ್ಲಿ ಮತ್ತೆ ಕಟ್ಟುತ್ತದೆ. ಚೀಲ ಅದೇ, ರಸವೂ ಅದೇ ತಾನೇ. ಆಪರೇಷನ್ ತಡೆದುಕೊಳ್ಳಲಾಗದ ದೇಹಸ್ಥಿತಿಯವರಿಗೆ ಇದು ಒಂದು ದಾರಿ. ಉಳಿದವರಿಗೆ ಕಾಲಹರಣ. ಈ ಮಾತ್ರೆಗೆ ಇನ್ನೊಂದು ಒಳ್ಳೆಯ ಉಪಯೋಗ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಹೊರಗಿನಿಂದ ತರಂಗ ಬಿಟ್ಟು ಒಡೆಯುವುದನ್ನು 1985ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಪಿತ್ತಕೋಶದ ಕಲ್ಲಿಗೆ ಮೊದಲು ಪ್ರಯೋಗಿಸಿದರು. ಆಗ ಭಾರೀ ಆಸೆ ಹುಟ್ಟಿತ್ತು. ಒಡೆದ ಚೂರುಗಳು ಅದೇ ಇಕ್ಕಟ್ಟಿನ ನಾಳದಲ್ಲಿ ಇಳಿಯಬೇಕು, ಕಲ್ಲು ಮತ್ತೆ ಹುಟ್ಟುತ್ತದೆ. ಹಾಗಾಗಿ ಚೀಲದ ಕಲ್ಲಿಗೆ ಈ ವಿಧಾನ ಬಹುಮಟ್ಟಿಗೆ ಮೂಲೆ ಸೇರಿದೆ. ನಾಳದಲ್ಲಿ ಸಿಕ್ಕಿಕೊಂಡ ದೊಡ್ಡ ಕಲ್ಲನ್ನು ಎಂಡೋಸ್ಕೋಪಿಯಲ್ಲಿ ಲೇಸರ್‌ನಿಂದ ಪುಡಿ ಮಾಡುವುದುಂಟು. ಚೀಲದ ಆಪರೇಷನ್‌ನಲ್ಲಿ ಲೇಸರ್ ಕಲ್ಲು ಕರಗಿಸುತ್ತದೆ ಅನ್ನುವುದು ಬರೀ ಬಾಯಿಮಾತು.

ಎಣ್ಣೆ ಕುಡಿದಾಗ ಬೀಳುವ ಹಸಿರು ಉಂಡೆಗಳು

ಒಂದು ಲೋಟ ಆಲಿವ್ ಎಣ್ಣೆ, ನಿಂಬೆರಸ, ಜೊತೆಗೆ ಭೇದಿಯ ಉಪ್ಪು. ಮಾರನೇ ದಿನ ಕಕ್ಕಸಿನಲ್ಲಿ ಹಸಿರು ಉಂಡೆಗಳು ತೇಲುತ್ತವೆ. ‘ನೋಡಿ, ಕಲ್ಲು ಬಿತ್ತು’ ಅಂತ ಫೋಟೋ ತೆಗೆದು ಹಂಚುತ್ತಾರೆ.

ಆ ಉಂಡೆಗಳನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿದ ಪ್ರಕರಣವೊಂದು 2005ರಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಬಂದಿತ್ತು. ಎಣ್ಣೆ-ನಿಂಬೆಯ ಪ್ರಯೋಗ ಮಾಡಿದ ರೋಗಿಯೊಬ್ಬರು ಉಂಡೆಗಳನ್ನು ಫ್ರೀಜರ್‌ನಲ್ಲಿಟ್ಟು ಆಸ್ಪತ್ರೆಗೆ ತಂದಿದ್ದರು. 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತೇ ನಿಮಿಷ ಇಟ್ಟರೆ ಅವು ಕರಗಿ ಹಸಿರು ಎಣ್ಣೆಯಾದವು. ಒಳಗೆ ಕೊಲೆಸ್ಟರಾಲ್ ಇರಲಿಲ್ಲ, ಪಿತ್ತರಸಕ್ಕೆ ಬಣ್ಣ ಕೊಡುವ ಬಿಲಿರುಬಿನ್ ಇರಲಿಲ್ಲ, ಕ್ಯಾಲ್ಸಿಯಂ ಕೂಡ ಇರಲಿಲ್ಲ. ಮುಕ್ಕಾಲು ಪಾಲು ಇದ್ದದ್ದು ಕೊಬ್ಬಿನಾಮ್ಲ. ಜಠರದ ರಸಗಳು ಕುಡಿದ ಎಣ್ಣೆಯನ್ನು ಒಡೆದು, ನಿಂಬೆರಸದ ಪೊಟ್ಯಾಸಿಯಂ ಜೊತೆ ಸೇರಿ ಸಾಬೂನಿನ ಉಂಡೆ ಕಟ್ಟಿದ್ದವು. ಆ ರೋಗಿಯ ಕಲ್ಲುಗಳು ಚೀಲದಲ್ಲೇ ಇದ್ದವು. ಕೊನೆಗೆ ಆಪರೇಷನ್ ಮಾಡಿಯೇ ತೆಗೆದರು.

ಉಪಯೋಗವಿಲ್ಲ ಅನ್ನುವುದಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಅಷ್ಟು ಎಣ್ಣೆ ಒಮ್ಮೆಲೇ ಇಳಿದರೆ ಚೀಲ ಜೋರಾಗಿ ಹಿಂಡಿಕೊಳ್ಳುತ್ತದೆ. ಸುಮ್ನೆ ಕೂತಿದ್ದ ಕಲ್ಲನ್ನು ನಾಳದ ಬಾಯಿಗೆ ನಾವೇ ತಳ್ಳಿದ ಹಾಗಾಗುತ್ತದೆ.

ಆಪರೇಷನ್: ಕಲ್ಲು ಮಾತ್ರ ಯಾಕೆ ತೆಗೆಯುವುದಿಲ್ಲ?

ಎಲ್ಲರೂ ಕೇಳುವ ಪ್ರಶ್ನೆ. ಚೀಲ ಉಳಿಸಿ ಕಲ್ಲು ಮಾತ್ರ ತೆಗೆಯುವುದು ಹಳೆಯ ವಿಧಾನ. ಮಾತ್ರೆಗೆ ಇರುವ ತೊಡಕೇ ಇದಕ್ಕೂ ಇದೆ: ಕಲ್ಲು ಕಟ್ಟುವ ಚೀಲ ಒಳಗೇ ಉಳಿಯುತ್ತದೆ. 1882ರ ಜುಲೈನಲ್ಲಿ ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಕ್ ಇಡೀ ಚೀಲವನ್ನೇ ತೆಗೆದರು. ಅಂದಿನಿಂದ ಇಂದಿನವರೆಗೂ ಅದೇ ಪದ್ಧತಿ. ಬದಲಾದದ್ದು ಒಳಗೆ ಹೋಗುವ ದಾರಿ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಲ್ಯಾಪ್ರೋಸ್ಕೋಪಿಯಿಂದ ಮಾಡಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಜಗತ್ತೆಲ್ಲ ಅದನ್ನೇ ಹಿಡಿಯಿತು.

ಲ್ಯಾಪ್ರೋಸ್ಕೋಪಿಯಲ್ಲಿ ಸಾಮಾನ್ಯವಾಗಿ ನಾಲ್ಕು ಸಣ್ಣ ತೂತು, ಒಂದೊಂದು 5ರಿಂದ 10 ಮಿಲಿಮೀಟರ್. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಳ್ಳುತ್ತಾರೆ. ಎಚ್ಚರವಾದ ಮೇಲೆ ಹೊಟ್ಟೆಗಿಂತ ಭುಜವೇ ನೋಯುತ್ತಿದೆಯಲ್ಲ ಅಂತ ಗಾಬರಿಯಾಗುವವರಿದ್ದಾರೆ. ಆ ಗ್ಯಾಸ್ ವಪೆಯನ್ನು, ಅಂದರೆ ಎದೆ-ಹೊಟ್ಟೆಯ ನಡುವಿನ ಸ್ನಾಯುವಿನ ಪದರವನ್ನು, ಕೆರಳಿಸಿದ್ದರ ನೋವು ಅದು. ಒಂದೆರಡು ದಿನಕ್ಕೆ ಹೋಗುತ್ತದೆ. ಅದೇ ದಿನ ಅಥವಾ ಮಾರನೇ ದಿನ ಮನೆಗೆ ಹೋಗಬಹುದು, ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಮರಳಬಹುದು. ದೊಡ್ಡ ಕೊಯ್ತದ ಆಪರೇಷನ್‌ನಲ್ಲಿ ಕೆಲವು ದಿನ ಆಸ್ಪತ್ರೆ, ಸುಧಾರಿಸಿಕೊಳ್ಳಲು ನಾಲ್ಕರಿಂದ ಆರು ವಾರ.

ಹಾಗಾದರೆ ದೊಡ್ಡ ಕೊಯ್ತ ಯಾರಿಗೆ? ಒಳಗೆ ಎಲ್ಲ ಅಂಟಿಕೊಂಡು ನಾಳ ಯಾವುದು, ರಕ್ತನಾಳ ಯಾವುದು ಅಂತ ತಿಳಿಯದಾದಾಗ. ಇಲ್ಲಿನ ಮುಖ್ಯ ಅಪಾಯವೇ ಅದು, ಚೀಲದ ನಾಳ ಅಂದುಕೊಂಡು ಮುಖ್ಯ ಪಿತ್ತನಾಳಕ್ಕೆ ಪೆಟ್ಟು ಬೀಳುವುದು. ಸಾವಿರ ಲ್ಯಾಪ್ರೋಸ್ಕೋಪಿಗಳಲ್ಲಿ ಸುಮಾರು 3ರಿಂದ 5ರಲ್ಲಿ ಹೀಗಾಗುತ್ತದೆ. ಅಪರೂಪ, ಆದರೆ ಹಾಗೇನಾದರೂ ಆದಲ್ಲಿ ದೊಡ್ಡ ಗಂಡಾಂತರ. ಹಾಗಾಗಿ ತೂತಿನಲ್ಲಿ ಶುರು ಮಾಡಿ ಮಧ್ಯದಲ್ಲಿ ಕೊಯ್ತಕ್ಕೆ ಬದಲಿಸಿದರೆ, ಅಥವಾ ಚೀಲದ ಒಂದು ಭಾಗ ಬಿಟ್ಟು ಬಂದರೆ, ‘ಕೆಟ್ಟು ಹೋಯಿತು’ ಅನ್ನಬೇಡಿ. ಮುಂದೆ ಹೋದರೆ ಅಪಾಯ ಅಂತ ತಿಳಿದು ನಿಲ್ಲಿಸುವ ಸರ್ಜನ್ನೇ ನಿಮಗೆ ಬೇಕಾದವರು.

ಉರಿಯೂತ ಇದ್ದಾಗ: ಈಗಲೇನಾ, ಆರು ವಾರ ಬಿಟ್ಟಾ?

ನೋವು ಆರು ಗಂಟೆ ದಾಟಿದರೂ ಇಳಿದಿಲ್ಲ, ಜ್ವರ ಬಂದಿದೆ, ಬಲ ಪಕ್ಕೆಯ ಕೆಳಗೆ ಮುಟ್ಟಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಇದು ಪಿತ್ತಕೋಶದ ಉರಿಯೂತ. ‘ಮೊದಲು ಆಂಟಿಬಯೋಟಿಕ್ ಕೊಟ್ಟು ಆರಿಸಿ, ಆರು ವಾರದ ಮೇಲೆ ತೆಗೆಯೋಣ’ ಅನ್ನುವುದು ಹಿಂದಿನ ಕ್ರಮ. ಈಗಲೂ ಹಲವರ ಮನಸ್ಸಿನಲ್ಲಿ ಅದೇ ಸುರಕ್ಷಿತ ಅಂತ ಇದೆ. ಅಧ್ಯಯನಗಳು ಬೇರೆಯೇ ಹೇಳುತ್ತವೆ. ಜರ್ಮನಿಯಲ್ಲಿ 2013ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ 24 ಗಂಟೆಯೊಳಗೆ ಆಪರೇಷನ್ ಆದವರಲ್ಲಿ ನೂರಕ್ಕೆ ಸುಮಾರು 12 ಜನರಿಗೆ ತೊಡಕಾದರೆ, ಕಾಯಿಸಿದವರಲ್ಲಿ 34 ಜನರಿಗೆ ಆಯಿತು. ಕಾಯುವಾಗ ಚೀಲ ಸುತ್ತಲಿನದಕ್ಕೆಲ್ಲ ಅಂಟಿಕೊಳ್ಳುತ್ತದೆ, ನಡುವೆ ಇನ್ನೊಂದು ಸಲ ಕೆರಳುವುದೂ ಉಂಟು. ಶುರುವಾಗಿ ವಾರದೊಳಗಿದ್ದರೆ, ನಿಮ್ಮ ದೇಹ ತಡೆದುಕೊಳ್ಳುವಂತಿದ್ದರೆ, ಅದೇ ದಾಖಲಾತಿಯಲ್ಲಿ ಮುಗಿಸುವುದು ಮೇಲು.

ತೀರಾ ಬಳಲಿದವರಿಗೆ ಚರ್ಮದ ಮೂಲಕ ಚೀಲಕ್ಕೆ ಪೈಪ್ ಹಾಕಿ ಕೀವು ಇಳಿಸುವ ದಾರಿಯೂ ಇದೆ. ಸುಲಭ ಅಂತ ಕಾಣುತ್ತದೆ. 2018ರ ನೆದರ್‌ಲ್ಯಾಂಡ್ಸ್ ಅಧ್ಯಯನದಲ್ಲಿ ಅಪಾಯ ಹೆಚ್ಚಿರುವ ರೋಗಿಗಳಲ್ಲೂ ಪೈಪ್ ಹಾಕಿಸಿಕೊಂಡವರಿಗೇ ದೊಡ್ಡ ತೊಡಕುಗಳು ಜಾಸ್ತಿ ಆದವು: ನೂರಕ್ಕೆ 65, ಆಪರೇಷನ್ ಆದವರಲ್ಲಿ 12. ಅರಿವಳಿಕೆ ಕೊಡಲೇ ಆಗದ ಸ್ಥಿತಿ ಇದ್ದಾಗ ಮಾತ್ರ ಪೈಪ್ ಸರಿ.

ಕಲ್ಲು ಮುಖ್ಯ ನಾಳಕ್ಕೆ ಇಳಿದಿದ್ದರೆ ಇ.ಆರ್.ಸಿ.ಪಿ. ಬೇಕಾಗುತ್ತದೆ. ಬಾಯಿಯ ಮೂಲಕ ಕೊಳವೆ ಇಳಿಸಿ, ನಾಳದ ಬಾಯಿ ಸ್ವಲ್ಪ ಕೊಯ್ದು, ಕಲ್ಲನ್ನು ಕರುಳಿಗೆ ಎಳೆದು ಹಾಕುತ್ತಾರೆ. ಇದರಿಂದಲೇ ಪ್ಯಾಂಕ್ರಿಯಾಟೈಟಿಸ್ ಆಗುವ ಸಂಭವ ಸ್ವಲ್ಪ ಇದೆ, ಹಾಗಾಗಿ ಬರೀ ಪರೀಕ್ಷೆಗೆ ಅಂತ ಈಗ ಮಾಡುವುದಿಲ್ಲ. ‘ಎಂಡೋಸ್ಕೋಪಿಯಲ್ಲೇ ತೆಗೆದಾಯಿತು, ಇನ್ನು ಆಪರೇಷನ್ ಬೇಡ’ ಅಂತ ಮನೆಗೆ ಹೋಗುವವರಿಗೆ ಒಂದು ಮಾತು. ತೆಗೆದದ್ದು ನಾಳದ ಕಲ್ಲು. ಚೀಲ, ಅದರೊಳಗಿನ ಉಳಿದ ಕಲ್ಲುಗಳು ಹಾಗೇ ಇವೆ. ಪ್ಯಾಂಕ್ರಿಯಾಟೈಟಿಸ್ ಹಗುರವಾಗಿ ಆಗಿ ಹೋದವರಿಗೂ ಇದೇ ಮಾತು: ಅದೇ ದಾಖಲಾತಿಯಲ್ಲಿ ಚೀಲ ತೆಗೆದರೆ ಮತ್ತೆ ತೊಂದರೆ ಬರುವ ಸಂಭವ ಬಹಳ ಕಡಿಮೆ.

ಚೀಲ ಇಲ್ಲದ ಬದುಕು

‘ಪಿತ್ತಕೋಶ ತೆಗೆದರೆ ಜೀರ್ಣಶಕ್ತಿಯೇ ಹೋಗುತ್ತದೆ, ಜೀವನಪೂರ್ತಿ ಎಣ್ಣೆ ಮುಟ್ಟುವಂತಿಲ್ಲ.’ ಹೀಗೆ ಹೆದರಿ ವರ್ಷಗಟ್ಟಲೆ ನೋವು ತಿಂದವರಿದ್ದಾರೆ. ರಸ ತಯಾರಿಸುವುದು ಲಿವರ್, ಅದು ಎಲ್ಲೂ ಹೋಗಿಲ್ಲ. ಚೀಲದಲ್ಲಿ ಕೂಡಿಡುವ ಬದಲು ರಸ ನೇರವಾಗಿ ಕರುಳಿಗೆ ಹನಿಯುತ್ತಿರುತ್ತದೆ. ಬಹುತೇಕರು ಕೆಲವು ವಾರಗಳಲ್ಲಿ ಎಂದಿನ ಊಟಕ್ಕೆ ಮರಳುತ್ತಾರೆ. ಕೆಲವರಿಗೆ ಊಟವಾದ ತಕ್ಷಣ ಓಡುವ ಹಾಗೆ ಭೇದಿ ಆಗುತ್ತದೆ. ಅದು ಸುಳ್ಳಲ್ಲ. ಹೆಚ್ಚಿನವರಲ್ಲಿ ತಾನೇ ಹತೋಟಿಗೆ ಬರುತ್ತದೆ, ಉಳಿದವರಿಗೆ ಪಿತ್ತದ ಅಂಶ ಹೀರಿಕೊಳ್ಳುವ ಕೊಲೆಸ್ಟೈರಮಿನ್ ಎಂಬ ಪುಡಿ ಇದೆ. ಅಪರೂಪಕ್ಕೆ ನಾಳದಲ್ಲೇ ಹೊಸ ಕಲ್ಲು ಆಗುವುದೂ ಉಂಟು. ಚೀಲ ತೆಗೆಸಿದ ಮೇಲೆ ಕಾಮಾಲೆ ಬಂದರೆ ಅದನ್ನು ಮರೆಯಬಾರದು.

ಊಟದ ಪಥ್ಯದಿಂದ ಇರುವ ಕಲ್ಲು ಕರಗುವುದಿಲ್ಲ. ಕೊಬ್ಬು ಕಡಿಮೆ ಮಾಡಿದರೆ ನೋವು ಬರುವುದು ಕಡಿಮೆಯಾಗಬಹುದು. ಪೂರ್ತಿ ಬಿಟ್ಟರೆ ಚೀಲ ಖಾಲಿಯಾಗದೆ ಇನ್ನಷ್ಟು ಕೆಸರು ಕಟ್ಟುತ್ತದೆ. ಉಪವಾಸವಿದ್ದು ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿಸುವವರಲ್ಲೇ ಹೊಸ ಕಲ್ಲು ಹೆಚ್ಚು. ಮೇಲೆ ಹೇಳಿದ ಮಾತ್ರೆಯ ಒಳ್ಳೆಯ ಉಪಯೋಗ ಇಲ್ಲಿದೆ. ತೂಕ ಇಳಿಸುವ ಆಪರೇಷನ್ ಆದವರಿಗೆ ಸುಮಾರು ಆರು ತಿಂಗಳು ಅದನ್ನು ಕೊಟ್ಟರೆ ಕಲ್ಲಾಗುವುದು ಕಡಿಮೆಯಾಗುತ್ತದೆ.

ಗರ್ಭಿಣಿಯರ ವಿಷಯ ಚುಟುಕಾಗಿ: ‘ಹೆರಿಗೆವರೆಗೆ ಏನಾದರೂ ಸಹಿಸಬೇಕು’ ಅನ್ನುವುದು ತಪ್ಪು. ಪದೇ ಪದೇ ನೋವು, ಉರಿಯೂತ ಆಗುತ್ತಿದ್ದರೆ ಲ್ಯಾಪ್ರೋಸ್ಕೋಪಿ ಮಾಡುತ್ತಾರೆ. ನಾಲ್ಕರಿಂದ ಆರನೇ ತಿಂಗಳು ಅನುಕೂಲದ ಕಾಲ.

ಡಾಕ್ಟರ ಮುಂದೆ ಕೂತಾಗ ಇಷ್ಟು ಕೇಳಿ. ನನ್ನ ನೋವು ಕಲ್ಲಿನದ್ದೇ ಅಂತ ನಿಮಗೆ ಯಾಕೆ ಅನಿಸುತ್ತದೆ? ಲಿವರ್ ಪರೀಕ್ಷೆ, ನಾಳದ ಅಗಲ ಸರಿಯಾಗಿವೆಯಾ? ಆರು ತಿಂಗಳು ಕಾದರೆ ನನಗೆ ಏನಾಗಬಹುದು? ಒಳಗೆ ಕಷ್ಟ ಅಂತ ಕಂಡರೆ ಏನು ಮಾಡುತ್ತೀರಿ? ಕಣ್ಣು ಹಳದಿಯಾದರೆ, ಚಳಿಜ್ವರ ಬಂದರೆ, ನೋವು ನಿಲ್ಲದೆ ವಾಂತಿಯಾಗುತ್ತಿದ್ದರೆ ಈ ಪ್ರಶ್ನೆಗಳಿಗೆಲ್ಲ ಸಮಯವಿಲ್ಲ, ನೇರ ತುರ್ತು ಚಿಕಿತ್ಸೆಗೆ ಹೋಗಿ. ಆಪರೇಷನ್ ಆಗಿದ್ದರೆ, ಕಲ್ಲಿನ ಡಬ್ಬಿಯನ್ನು ಎಲ್ಲರಿಗೂ ತೋರಿಸುವ ಖುಷಿಯಲ್ಲಿ ಚೀಲದ ಬಯಾಪ್ಸಿ ರಿಪೋರ್ಟ್ ತರುವುದನ್ನು ಬಿಡಬೇಡಿ. ಅದು ಬರಲು ಕೆಲವು ದಿನ ಬೇಕು, ಹೊಲಿಗೆ ನೋಡಿಸಲು ಹೋದಾಗ ಕೇಳಿ ಪಡೆದುಕೊಳ್ಳಿ.